ದಸರಾ–ದೀಪಾವಳಿ ರೈಲು ಪ್ರಯಾಣ: ಸುರಕ್ಷತೆ ಮತ್ತು ಗಾಯಾಳುಗಳ ಪರಿಹಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನವರಾತ್ರಿ ಶುರುವಾದಾಗಿನಿಂದ ದೀಪಾವಳಿ ಮುಗಿಯುವವರೆಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ನಿಲ್ದಾಣಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ದಿನಗಳಲ್ಲಿ ಅಪಾಯ ಎಲ್ಲಿಂದ ಬರುತ್ತದೆ, ಪೆಟ್ಟಾದವರಿಗೆ ಕಾನೂನಿನಿಂದ ಏನು ಸಿಗುತ್ತದೆ ಎಂಬುದು ಇಲ್ಲಿದೆ. ಎರಡನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಹಕ್ಕು ಇದ್ದವರೂ ಮೊದಲ ದಿನದ ಒಂದು ಚೀಟಿ ಸರಿಯಿಲ್ಲದೆ ಬರಿಗೈಯಲ್ಲಿ ವಾಪಸಾಗುವುದು ನಮ್ಮನ್ನು ಬಹಳ ಕಾಡುವ ಸಂಗತಿ.

ಮಳೆಗಾಲ ಕಳೆದ ಮೇಲೆ ರೈಲು ಪ್ರಯಾಣ ನಿರಾತಂಕ ಅಲ್ಲವೇ?

ಅಲ್ಲ. ಮುಂಗಾರು ಹಿಂದೆ ಸರಿದರೂ ಅಕ್ಟೋಬರಿನಲ್ಲಿ ಹಿಂಗಾರು ಸುರಿಯುತ್ತದೆ. ತಿಂಗಳುಗಟ್ಟಲೆ ನೀರು ಕುಡಿದ ಗುಡ್ಡ ಆಗಲೂ ಸಡಿಲವಾಗಿಯೇ ಇರುತ್ತದೆ. ಕೊಂಕಣ ರೈಲ್ವೆ ತನ್ನ ಮಳೆಗಾಲದ ವೇಳಾಪಟ್ಟಿಯನ್ನು ಬಹುಕಾಲ ಅಕ್ಟೋಬರ್ 31ರವರೆಗೆ ನಡೆಸಿಕೊಂಡು ಬಂದದ್ದು ಇದಕ್ಕೇ. 2025ರಲ್ಲಿ ಅದನ್ನು ಅಕ್ಟೋಬರ್ 20ಕ್ಕೆ ಇಳಿಸಿತು. ಈ ಅವಧಿಯಲ್ಲಿ ವೇಗ ಕಡಿಮೆ, ಹಳಿ ಕಾಯುವ ಗ್ಯಾಂಗ್‌ಮನ್‌ಗಳ ಗಸ್ತು ಹೆಚ್ಚು. ಹೊನ್ನಾವರದ ಬಳಿಯ ಶರಾವತಿ ಸೇತುವೆಯಲ್ಲಿ ಗಾಳಿಯ ವೇಗ ಅಳೆಯುವ ಯಂತ್ರವೂ ಇದೆ. ಗುಡ್ಡದ ಬಂಡೆ ಏನು ಮಾಡಬಲ್ಲದು ಎನ್ನುವುದನ್ನು 2003ರ ಜೂನ್ 22ರಂದು ವೈಭವವಾಡಿಯಲ್ಲಿ ಕಂಡಿದ್ದೇವೆ. ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಹಳಿ ಮೇಲೆ ಉರುಳಿದ್ದ ಬಂಡೆಗೆ ಬಡಿದು ಹಲವಾರು ಜನ ಸತ್ತರು. ಹಾಗಾಗಿ ಘಟ್ಟದಲ್ಲಿ ರೈಲು ತೆವಳುತ್ತಿದೆ ಎಂದು ಬೇಸರ ಪಡಬೇಡಿ. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲಿ ಬೇಕೆಂದೇ ನಿಧಾನ ಓಡಿಸುತ್ತಾರೆ.

ಇದೆಲ್ಲ ರೈಲ್ವೆಯ ಕೈಯಲ್ಲಿರುವ ಮಾತು. ಪ್ರಯಾಣಿಕರ ಕೈಯಲ್ಲಿರುವುದು ಬಾಗಿಲು.

ಬಾಗಿಲ ಬಳಿ ಜನ ಬೀಳುವುದು ಹೇಗೆ?

ಹೆಚ್ಚಾಗಿ ಹೊರಟ ರೈಲು ಹತ್ತುವಾಗ. ಎತ್ತರದ ಪ್ಲಾಟ್‌ಫಾರ್ಮ್ ಕೂಡ ಹಳಿಯಿಂದ ಸುಮಾರು 76ರಿಂದ 84 ಸೆಂಟಿಮೀಟರ್ ಮಾತ್ರ ಇರುತ್ತದೆ. ಬೋಗಿಯ ನೆಲ ಅದಕ್ಕಿಂತ ಬಹಳ ಮೇಲಿದೆ, ಮೆಟ್ಟಿಲು ಹತ್ತಲೇಬೇಕು. ಕೈ ಹಿಡಿ ಸಿಕ್ಕಿ ಕಾಲು ಮೆಟ್ಟಿಲಿಗೆ ಸಿಗದಿದ್ದರೆ ರೈಲು ದೇಹವನ್ನು ಮುಂದಕ್ಕೆ ಎಳೆಯುತ್ತದೆ, ಕಾಲು ಪ್ಲಾಟ್‌ಫಾರ್ಮಿಗೂ ಬೋಗಿಗೂ ನಡುವಿನ ಸಂದಿಗೆ ಇಳಿಯುತ್ತದೆ. ಮೆಟ್ಟಿಲು ಒದ್ದೆಯಾಗಿದ್ದರೆ, ಎರಡೂ ಕೈಯಲ್ಲಿ ಚೀಲವಿದ್ದರೆ, ಕಾಲಲ್ಲಿ ಹವಾಯಿ ಚಪ್ಪಲಿಯಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ.

ಚೀಲ ಬೆನ್ನಿಗಿರಲಿ, ಒಂದು ಕೈ ಯಾವಾಗಲೂ ಖಾಲಿ ಇರಲಿ. ಸಾಮಾನು ಒಳಗೆ ಎಸೆದು ಅದರ ಹಿಂದೆ ಓಡಬೇಡಿ. ಸಾಮಾನು ಹೋಯಿತಲ್ಲ ಎಂಬ ಗಾಬರಿಯೇ ಜನರನ್ನು ಚಲಿಸುವ ರೈಲಿಗೆ ಹತ್ತಿಸುತ್ತದೆ. ಮಕ್ಕಳು, ಹಿರಿಯರು ಮೊದಲು ಹತ್ತಲಿ, ಗಟ್ಟಿಮುಟ್ಟಾದವರೊಬ್ಬರು ಕೊನೆಗೆ.

ಇಳಿಯುವಾಗ ಇನ್ನೊಂದು ಎಚ್ಚರ ಬೇಕು. 22 ಬೋಗಿಗಳ ರೈಲು ಅರ್ಧ ಕಿಲೋಮೀಟರಿಗಿಂತ ಉದ್ದ. ಸಣ್ಣ ನಿಲ್ದಾಣದಲ್ಲಿ ಕೊನೆಯ ಬೋಗಿಗಳು ಪ್ಲಾಟ್‌ಫಾರ್ಮಿನ ಆಚೆ ನಿಲ್ಲುತ್ತವೆ. ರಾತ್ರಿಯಲ್ಲಿ ಮೊಬೈಲ್ ಟಾರ್ಚ್ ಹಾಕಿ ಕೆಳಗೆ ನೆಲ ಕಂಡ ಮೇಲೆ ಕಾಲಿಡಿ. ಸಿಗ್ನಲ್‌ಗಾಗಿ ಊರಾಚೆ ನಿಂತಾಗ ನಿಲ್ದಾಣ ಬಂತೆಂದು ಇಳಿದವರು ಜಲ್ಲಿಯ ಮೇಲೆ ಬೀಳುತ್ತಾರೆ.

ಅರ್ಧ ಮನೆಯವರು ಒಳಗೆ, ಮಗು ಕೆಳಗೆ ಉಳಿಯಿತು. ಚೈನ್ ಎಳೆಯಬಹುದೇ?

ಎಳೆಯಿರಿ. ರೈಲ್ವೆ ಕಾಯ್ದೆಯ 141ನೇ ಕಲಂ ಶಿಕ್ಷೆ ಹೇಳುವುದು ಸಕಾರಣವಿಲ್ಲದೆ ಎಳೆದವರಿಗೆ. ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಯಾರೋ ಬಿದ್ದಿದ್ದರೆ, ಬೆಂಕಿ ಹೊತ್ತಿದ್ದರೆ ಕಾರಣ ಇದ್ದೇ ಇದೆ. ಎಳೆದ ಮೇಲೆ ಅಲ್ಲೇ ನಿಂತು ಗಾರ್ಡ್‌ಗೆ ವಿಷಯ ತಿಳಿಸಿ.

ಊರಿಗೆ ಪಟಾಕಿ ಒಯ್ಯಬಹುದೇ?

ಬೇಡ. ಒಂದು ಸಣ್ಣ ಡಬ್ಬಿಯೂ ಬೇಡ. 164ನೇ ಕಲಮಿನ ಪ್ರಕಾರ ಅಪಾಯಕಾರಿ ವಸ್ತು ಒಯ್ದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ, ಜೊತೆಗೆ ಆದ ನಷ್ಟವನ್ನೂ ತುಂಬಬೇಕು. ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಸೀಮೆಎಣ್ಣೆಗೂ ಇದೇ. 2023ರ ಆಗಸ್ಟ್ 26ರಂದು ಮಧುರೈಯಲ್ಲಿ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತದ್ದು ಕದ್ದು ಒಯ್ದ ಸಿಲಿಂಡರಿನಿಂದ. ಪಕ್ಕದವರ ಬಳಿ ಪಟಾಕಿ ಕಂಡರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.

ರೈಲು ಹಳಿ ತಪ್ಪಿದರೆ ಅಥವಾ ಬೆಂಕಿ ಎಂಬ ಕೂಗು ಕೇಳಿದರೆ ಏನು ಮಾಡಬೇಕು?

ಇಳಿಯುವ ಮೊದಲು ಯಾವ ಕಡೆ ಇನ್ನೊಂದು ಹಳಿ ಇದೆ ನೋಡಿ. 2025ರ ಜನವರಿ 22ರಂದು ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್‌ನ ಪ್ರಯಾಣಿಕರು ಬೆಂಕಿಯ ಸುಳ್ಳು ಸುದ್ದಿಗೆ ಹೆದರಿ ಪಕ್ಕದ ಹಳಿಗೆ ಧುಮುಕಿದರು. ಆ ಹಳಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ಕರ್ನಾಟಕ ಎಕ್ಸ್‌ಪ್ರೆಸ್ ಬಂತು. ಕನಿಷ್ಠ ಹನ್ನೆರಡು ಮಂದಿ ಸತ್ತರು. ಪೂರ್ತಿ ವೇಗದಲ್ಲಿರುವ ರೈಲು ಬ್ರೇಕ್ ಹಾಕಿದರೂ ನೂರಾರು ಮೀಟರ್ ಮುಂದೆ ಹೋಗಿಯೇ ನಿಲ್ಲುವುದು.

ಬೆಂಕಿ ಅಥವಾ ಹೊಗೆ ನಿಜವಾಗಿ ಕಂಡರೆ ಮೊದಲು ಪಕ್ಕದ ಬೋಗಿಗೆ ನಡೆಯಿರಿ, ಬಗ್ಗಿ ನಡೆಯಿರಿ. ಬಾಗಿಲು ಕಟ್ಟಿಕೊಂಡರೆ ತುರ್ತು ಕಿಟಕಿ ಇದೆ: ಎಸಿ ಇಲ್ಲದ ಬೋಗಿಯಲ್ಲಿ ಕೆಂಪು ಗುರುತಿನ ಕಿಟಕಿಯ ಸರಳು ಮೇಲಕ್ಕೆ ಏಳುತ್ತದೆ, ಎಸಿ ಬೋಗಿಯಲ್ಲಿ ಪಕ್ಕದ ಸುತ್ತಿಗೆಯಿಂದ ಗಾಜಿನ ಮೂಲೆಗೆ ಹೊಡೆಯಬೇಕು. ಹತ್ತಿದ ಕೂಡಲೇ ನಿಮ್ಮ ಬೋಗಿಯಲ್ಲಿ ಅದು ಎಲ್ಲಿದೆ ನೋಡಿಕೊಳ್ಳಿ. ಕೆಳಗಿಳಿದ ಮೇಲೆ ತುಂಡಾಗಿ ಬಿದ್ದ ವಿದ್ಯುತ್ ತಂತಿಯ ಹತ್ತಿರ ಸುಳಿಯಬೇಡಿ. ಅದರಲ್ಲಿ 25,000 ವೋಲ್ಟ್ ಹರಿಯುತ್ತದೆ.

ಯಾರೋ ಬಿದ್ದರು. ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು?

ಜೀವ ಮೊದಲು. ರಕ್ತ ಬರುವ ಕಡೆ ಸ್ವಚ್ಛ ಬಟ್ಟೆ ಮಡಚಿ ಬಲವಾಗಿ ಒತ್ತಿ ಹಿಡಿಯಿರಿ, ಆಗಾಗ ತೆಗೆದು ನೋಡಬೇಡಿ. ಚುಚ್ಚಿಕೊಂಡದ್ದನ್ನು ಕೀಳಬೇಡಿ. ಕತ್ತು, ಬೆನ್ನಿಗೆ ಪೆಟ್ಟಾಗಿದ್ದರೆ ಕೈಕಾಲು ಹಿಡಿದು ಎತ್ತಬೇಡಿ. ಹಲಗೆ ಅಥವಾ ಸ್ಟ್ರೆಚರ್ ಬರಲಿ. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.

ಇನ್ನೊಬ್ಬರು ಅಷ್ಟರಲ್ಲೇ 139ಕ್ಕೆ ಕರೆ ಮಾಡಿ ರೈಲು ಸಂಖ್ಯೆ, ಬೋಗಿ, ಹಿಂದಿನ ನಿಲ್ದಾಣ, ಹೊತ್ತು ಹೇಳಲಿ. ಈ ಕರೆ ದಾಖಲೆಯಾಗುತ್ತದೆ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸ್ಟೇಷನ್ ಮಾಸ್ಟರ್‌ಗೆ ತಿಳಿಸಿ. ಅವರು ರೈಲ್ವೆ ಪೊಲೀಸರಿಗೆ ಮೆಮೊ ಕಳಿಸುತ್ತಾರೆ. ಕಂಡ ಇಬ್ಬರ ಹೆಸರು, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ರೈಲು ಹೊರಟ ಮೇಲೆ ಅವರನ್ನು ಹುಡುಕಲಾಗದು.

ಆಸ್ಪತ್ರೆಯಲ್ಲಿ ಏನು ಹೇಳಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಗಾಯಾಳು ಬಂದ ಕೂಡಲೇ ಕ್ಯಾಶುಯಲ್ಟಿಯಲ್ಲಿ ಎಂಎಲ್‌ಸಿ, ಅಂದರೆ ಕಾನೂನು ಪ್ರಕರಣದ ವೈದ್ಯಕೀಯ ದಾಖಲೆ, ಬರೆಯುತ್ತಾರೆ. "ಏನಾಯಿತು?" ಎಂದು ಕೇಳಿದಾಗ ಕರೆತಂದವರು ಗಾಬರಿಯಲ್ಲಿ "ರೈಲಿಗೆ ಸಿಕ್ಕರು", "ಹಳಿ ಮೇಲೆ ಬಿದ್ದಿದ್ದರು" ಎನ್ನುತ್ತಾರೆ. ಅದೇ ಮಾತು ಪುಸ್ತಕಕ್ಕೆ ಹೋಗುತ್ತದೆ. ವರ್ಷದ ನಂತರ ರೈಲ್ವೆಯ ವಕೀಲರು ಅದನ್ನು ತೆಗೆದು, ಈತ ಹಳಿ ದಾಟುತ್ತಿದ್ದ, ಪ್ರಯಾಣಿಕನೇ ಅಲ್ಲ ಎಂದು ವಾದಿಸುತ್ತಾರೆ.

ನಡೆದದ್ದನ್ನೇ ಪೂರ್ತಿಯಾಗಿ ಹೇಳಿ: "ಅರಸೀಕೆರೆಯಲ್ಲಿ, ರಾತ್ರಿ ಒಂಬತ್ತರ ಸುಮಾರಿಗೆ, ಇಂಥ ರೈಲಿನಿಂದ ಇಳಿಯುವಾಗ ಕಾಲು ಜಾರಿ ಬಿದ್ದರು, ಟಿಕೆಟ್ ಇದೆ." ಸ್ಥಳ, ಹೊತ್ತು, ರೈಲು, ಬಿದ್ದ ಬಗೆ ನಾಲ್ಕೂ ಇರಲಿ. ಬರೆದದ್ದನ್ನು ಓದಿ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿ. ಆಗದ್ದನ್ನು ಸೇರಿಸಬೇಡಿ. ಪೊಲೀಸರ ಹೇಳಿಕೆಗೂ ಆಸ್ಪತ್ರೆಯ ಚೀಟಿಗೂ ಹೊಂದದಿದ್ದರೆ ನಿಜವಾದ ಅರ್ಜಿಯೂ ಬೀಳುತ್ತದೆ.

ಯಾವ ಕಾನೂನಿನಡಿ ಪರಿಹಾರ? ರೈಲ್ವೆಯ ತಪ್ಪು ತೋರಿಸಬೇಕೇ?

ತೋರಿಸಬೇಕಿಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ ಎರಡು ದಾರಿಗಳಿವೆ. ಡಿಕ್ಕಿ, ಹಳಿ ತಪ್ಪುವಿಕೆ ಮುಂತಾಗಿ ರೈಲಿಗೇ ಅಪಘಾತವಾದರೆ 124ನೇ ಕಲಂ. ರೈಲಿನಿಂದ ಆಕಸ್ಮಿಕವಾಗಿ ಬಿದ್ದರೆ, ಅಥವಾ ರೈಲಿನಲ್ಲಿ ಇಲ್ಲವೇ ನಿಲ್ದಾಣದ ಆವರಣದಲ್ಲಿ ದರೋಡೆ, ಹಲ್ಲೆ, ಗಲಭೆ, ಬೆಂಕಿ ಹಚ್ಚುವಿಕೆ, ಭಯೋತ್ಪಾದಕ ಕೃತ್ಯಕ್ಕೆ ಸಿಕ್ಕರೆ 124ಎ ಕಲಂ. ಎರಡರಲ್ಲೂ ಯಾರ ತಪ್ಪು ಎಂಬ ಪ್ರಶ್ನೆಯಿಲ್ಲ. 124ನೇ ಕಲಮಿನಲ್ಲಿ ಜೊತೆಗಿದ್ದ ಸಾಮಾನಿನ ನಷ್ಟವನ್ನೂ ಕೇಳಬಹುದು.

2024ರ ಅಕ್ಟೋಬರ್ 11, ಆಯುಧಪೂಜೆಯ ರಾತ್ರಿ, ಮೈಸೂರಿನಿಂದ ದರ್ಭಂಗಾಕ್ಕೆ ಹೊರಟ ಬಾಗ್ಮತಿ ಎಕ್ಸ್‌ಪ್ರೆಸ್ ಚೆನ್ನೈ ಹತ್ತಿರದ ಕವರೈಪೇಟ್ಟೈಯಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಇಂಥ ಪ್ರಕರಣದಲ್ಲಿ ಕಾರಣ ಏನು, ಯಾರು ಎಂಬ ತನಿಖೆ ತಿಂಗಳುಗಟ್ಟಲೆ ನಡೆಯಬಹುದು. ಗಾಯಾಳು ಅದಕ್ಕಾಗಿ ಕಾಯಬೇಕಿಲ್ಲ. ಮೈಸೂರಿನ ಪ್ರಯಾಣಿಕ ತಮಿಳುನಾಡಿಗೆ ಅಲೆಯಲೂ ಬೇಕಿಲ್ಲ.

ನಾನೇ ಬಾಗಿಲಲ್ಲಿ ನಿಂತಿದ್ದೆ. ನನ್ನದೇ ತಪ್ಪಲ್ಲವೇ?

ಅಜಾಗರೂಕತೆ ಇದ್ದರೂ ಹಕ್ಕು ಹೋಗುವುದಿಲ್ಲ. ಬಾಗಿಲಲ್ಲಿ ನಿಲ್ಲುವುದು ಅಪರಾಧ ಕೃತ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಜಮೀಲಾ ಪ್ರಕರಣದಲ್ಲಿ ಹೇಳಿದೆ. ಹತ್ತುವಾಗ ಅಥವಾ ಇಳಿಯುವಾಗ ಬಿದ್ದರೂ ಅದು ರೈಲಿನಿಂದ ಬಿದ್ದಂತೆಯೇ ಎಂಬುದನ್ನು 2008ರ ಪ್ರಭಾಕರನ್ ವಿಜಯಕುಮಾರ್ ಮತ್ತು 2018ರ ರೀನಾ ದೇವಿ ತೀರ್ಪುಗಳು ಖಚಿತಪಡಿಸಿವೆ. 124ಎ ಅಡಿ ಪರಿಹಾರ ಇಲ್ಲದಿರುವುದು ಇಷ್ಟಕ್ಕೆ: ಆತ್ಮಹತ್ಯೆ ಅಥವಾ ಅದರ ಯತ್ನ, ಬೇಕೆಂದೇ ಮಾಡಿಕೊಂಡ ಗಾಯ, ತನ್ನದೇ ಅಪರಾಧ ಕೃತ್ಯ, ಕುಡಿತದ ಅಮಲು ಅಥವಾ ಬುದ್ಧಿಭ್ರಮೆಯಲ್ಲಿ ಮಾಡಿದ್ದು, ಸಹಜ ಕಾಯಿಲೆ.

ಹಳಿ ದಾಟುವಾಗ ಪೆಟ್ಟಾದರೆ ಈ ದಾರಿ ಇಲ್ಲ.

ಟಿಕೆಟ್ ಕಳೆದುಹೋಗಿದೆ.

ಬಿದ್ದವರ ಜೇಬಿನಲ್ಲಿ ಟಿಕೆಟ್ ಉಳಿಯದಿರುವುದು ಸಾಮಾನ್ಯ. ಅದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ರೀನಾ ದೇವಿ ತೀರ್ಪಿನಲ್ಲಿದೆ. ಟಿಕೆಟ್ ತೆಗೆದುಕೊಂಡು ಹೊರಟಿದ್ದರು ಎಂಬ ಪ್ರಮಾಣಪತ್ರ ಕೊಟ್ಟರೆ, ಹಾಗಲ್ಲ ಎಂದು ತೋರಿಸುವ ಭಾರ ರೈಲ್ವೆಗೆ ಹೋಗುತ್ತದೆ. ಆದರೆ ದೇಹ ಹಳಿ ಪಕ್ಕ ಸಿಕ್ಕಿತು ಎಂಬುದಷ್ಟೇ ಸಾಕಾಗುವುದಿಲ್ಲ. ಎಲ್ಲಿಗೆ, ಯಾಕೆ ಹೊರಟರು, ಯಾರು ನಿಲ್ದಾಣಕ್ಕೆ ಬಿಟ್ಟರು, ಯಾರು ಟಿಕೆಟ್ ತೆಗೆದರು ಎಂಬುದನ್ನು ಹೇಳುವವರು ಬೇಕು. ಪಿಎನ್‌ಆರ್ ಎಸ್‌ಎಂಎಸ್, ಮೊಬೈಲ್ ಟಿಕೆಟಿನ ಸ್ಕ್ರೀನ್‌ಶಾಟ್, ಯುಪಿಐ ಪಾವತಿಯ ದಾಖಲೆ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಹೊರಡುವ ಮುಂಚೆ ಟಿಕೆಟಿನ ಫೋಟೊ ಮನೆಯವರೊಬ್ಬರಿಗೆ ಕಳಿಸಿಬಿಡಿ.

ವೇಟಿಂಗ್ ಲಿಸ್ಟ್ ಟಿಕೆಟ್ ಇದ್ದರೆ?

ಹಬ್ಬದ ದಿನಗಳಲ್ಲಿ ತುಂಬಾ ಜನ ಇಲ್ಲೇ ಎಡವುತ್ತಾರೆ. ಆನ್‌ಲೈನ್ ಟಿಕೆಟಿನಲ್ಲಿ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ ಚಾರ್ಟ್ ಆದಾಗ ಟಿಕೆಟ್ ತಾನಾಗಿ ರದ್ದಾಗಿ ಹಣ ವಾಪಸು ಬರುತ್ತದೆ. ಆಮೇಲೆ ಹತ್ತಿದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕ. ದಂಡ ಬೇರೆ, ಪರಿಹಾರದ ಹಕ್ಕಿಗೂ ಕುತ್ತು. ಕೌಂಟರಿನ ವೇಟಿಂಗ್ ಟಿಕೆಟ್‌ನಲ್ಲಿ ಸಾಮಾನ್ಯ ಬೋಗಿಯಲ್ಲಿ ಹೋಗಬಹುದು. ಆನ್‌ಲೈನ್ ಟಿಕೆಟ್ ರದ್ದಾಗಿದ್ದರೆ ಜನರಲ್ ಟಿಕೆಟ್ ತೆಗೆದುಕೊಂಡೇ ಹತ್ತಿ.

ಬೀಳ್ಕೊಡಲು ಬಂದವರಿಗೆ ಪ್ಲಾಟ್‌ಫಾರ್ಮ್ ಟಿಕೆಟ್ ಇದ್ದರೆ 124ಎ ಅವರಿಗೂ ಅನ್ವಯಿಸುತ್ತದೆ.

ಎಷ್ಟು ಹಣ ಸಿಗುತ್ತದೆ?

2017ರ ಜನವರಿ 1ರಿಂದ ಜಾರಿಯಲ್ಲಿರುವ ದರ: ಸಾವಿಗೆ 8 ಲಕ್ಷ ರೂಪಾಯಿ. ಎರಡೂ ಕೈ, ಎರಡೂ ಕಾಲು, ದೃಷ್ಟಿ ಪೂರ್ತಿ ಹೋಗುವಂಥ ಗಾಯಗಳಿಗೂ 8 ಲಕ್ಷ. ಉಳಿದ ಅಂಗನಷ್ಟಗಳಿಗೆ ನಿಯಮದ ಪಟ್ಟಿಯಂತೆ 64,000 ರೂಪಾಯಿಯಿಂದ 7.2 ಲಕ್ಷದವರೆಗೆ. ಪಟ್ಟಿಯಲ್ಲಿಲ್ಲದ ನೋವಿನ ಗಾಯಗಳಿಗೆ ನ್ಯಾಯಮಂಡಳಿ (ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್) ವೈದ್ಯಕೀಯ ದಾಖಲೆ ನೋಡಿ ನಿಗದಿ ಮಾಡುತ್ತದೆ, ಒಟ್ಟು 1.6 ಲಕ್ಷ ಮೀರುವಂತಿಲ್ಲ. ಗಾಯಕ್ಕೆ ಪರಿಹಾರ ಸಿಕ್ಕ ಮೇಲೆ ಅದೇ ಗಾಯದಿಂದ ಸತ್ತರೆ ಉಳಿದ ವ್ಯತ್ಯಾಸದ ಹಣ ಮನೆಯವರಿಗೆ ಬರಬೇಕು.

ಇಲ್ಲಿ ಸಂಬಳ, ವಯಸ್ಸು ಲೆಕ್ಕಕ್ಕಿಲ್ಲ. ಕೂಲಿಯವರಿಗೂ ಎಂಜಿನಿಯರಿಗೂ ಒಂದೇ. ಅದು ಒಳ್ಳೆಯದೇ, ಆದರೆ ದುಡಿಯುವ ಮಗ ಕಾಲು ಕಳೆದುಕೊಂಡ ಮನೆಗೆ 2017ರ ದರ ಈಗ ತೀರಾ ಕಡಿಮೆ. ಇದನ್ನು ಏರಿಸಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಧಿಕಾರಿಗಳು ಆಸ್ಪತ್ರೆಗೇ ಬಂದು ಹಣ ಕೊಟ್ಟರು. ಅಲ್ಲಿಗೆ ಮುಗಿಯಿತೇ?

ಇಲ್ಲ. ಅದು ಎಕ್ಸ್‌ಗ್ರೇಷಿಯಾ, ತಕ್ಷಣದ ನೆರವು. 2023ರ ಸೆಪ್ಟೆಂಬರ್ 18ರಿಂದ ರೈಲು ಅಪಘಾತದಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಸಣ್ಣ ಗಾಯಕ್ಕೆ 50,000 ರೂಪಾಯಿ. 124ಎ ಬಗೆಯ ಘಟನೆಗಳಲ್ಲಿ ಕ್ರಮವಾಗಿ 1.5 ಲಕ್ಷ, 50,000 ಮತ್ತು 5,000. ರೈಲು ಅಪಘಾತದ ತೀವ್ರ ಗಾಯಾಳು 30 ದಿನಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ ಆಮೇಲಿನ ಪ್ರತಿ ದಿನಕ್ಕೆ 3,000 ರೂಪಾಯಿ. ಇದನ್ನು ತಾವಾಗಿ ಕೊಡದಿದ್ದರೆ ಕೇಳಿ.

ಈ ನೆರವನ್ನು ನ್ಯಾಯಮಂಡಳಿಯ ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ. "ಪೂರ್ಣ ಪರಿಹಾರ ಸಿಕ್ಕಿದೆ" ಎಂಬ ಬರಹಕ್ಕೆ ಮಾತ್ರ ಸಹಿ ಹಾಕಬೇಡಿ. ಚೆಕ್ ಸ್ವೀಕೃತಿಗೆ ಹಾಕಿದರೆ ತೊಂದರೆಯಿಲ್ಲ.

ನೂಕುನುಗ್ಗಲಿನಲ್ಲಿ ತುಳಿತಕ್ಕೆ ಸಿಕ್ಕರೆ?

ಇಲ್ಲಿ ಕಾನೂನು ಬಿಗಿಯಾಗಿಲ್ಲ. 2017ರ ಸೆಪ್ಟೆಂಬರ್ 29, ನವರಾತ್ರಿಯ ಮಳೆಯ ಬೆಳಿಗ್ಗೆ ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ 23 ಜನ ಸತ್ತರು. ಆದರೂ 124ಎ ಯಾವ ಘಟನೆಗಳಿಗೆ ಎಂದು ಹೇಳುವ 123ನೇ ಕಲಮಿನ ಪಟ್ಟಿಯಲ್ಲಿ ಕಾಲ್ತುಳಿತದ ಹೆಸರಿಲ್ಲ. ಸರ್ಕಾರ ಘೋಷಿಸುವ ನೆರವು ಬರಬಹುದು. ಅದಕ್ಕಿಂತ ಹೆಚ್ಚು ಕೇಳಲು ವಕೀಲರ ಸಲಹೆ ಪಡೆಯಿರಿ. ಗುಂಪಿನಲ್ಲಿ ಸಿಕ್ಕರೆ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಉಳಿಸಿಕೊಳ್ಳಿ, ಬಿದ್ದ ವಸ್ತುವಿಗೆ ಬಗ್ಗಬೇಡಿ, ಗೋಡೆಯಿಂದ ದೂರ ಓರೆಯಾಗಿ ಸರಿಯಿರಿ. ಪ್ಲಾಟ್‌ಫಾರ್ಮ್ ಬದಲಾದ ಘೋಷಣೆ ಬಂದ ಕ್ಷಣ ಮೆಟ್ಟಿಲಿನತ್ತ ಓಡಬೇಡಿ.

ಅರ್ಜಿ ಎಲ್ಲಿ, ಎಷ್ಟರೊಳಗೆ?

ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ. ಬೆಂಗಳೂರಿನಲ್ಲಿ ಅದರ ಪೀಠವಿದೆ. ನೀವು ವಾಸವಿರುವ ಸ್ಥಳ, ಟಿಕೆಟ್ ತೆಗೆದ ಸ್ಥಳ, ಘಟನೆ ನಡೆದ ಸ್ಥಳ, ತಲುಪಬೇಕಿದ್ದ ನಿಲ್ದಾಣ, ಇವುಗಳಲ್ಲಿ ಯಾವುದು ಯಾವ ಪೀಠದ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಹಾಕಬಹುದು. ಸಾವು, ಗಾಯದ ಅರ್ಜಿಗೆ ಶುಲ್ಕವಿಲ್ಲ. ಖುದ್ದಾಗಿ, ವಕೀಲರ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಸಲ್ಲಿಸಬಹುದು.

ಗಡುವು ಘಟನೆಯಾದ ದಿನದಿಂದ ಒಂದು ವರ್ಷ. ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಾ ಕೇಳಬಹುದು. ದೀರ್ಘ ಚಿಕಿತ್ಸೆಯಿಂದ ತಡವಾಗಿದ್ದರೆ ಡಿಸ್ಚಾರ್ಜ್ ಚೀಟಿಗಳೇ ಅದಕ್ಕೆ ಆಧಾರ. ಗಾಯ ಪೂರ್ತಿ ವಾಸಿಯಾಗಲಿ ಎಂದು ಕಾಯುತ್ತಾ ವರ್ಷ ಕಳೆಯಬೇಡಿ. ಅಂಗವೈಕಲ್ಯದ ಪ್ರಮಾಣಪತ್ರವನ್ನು ಆಮೇಲೂ ಸೇರಿಸಬಹುದು.

ಯಾವ ಯಾವ ಕಾಗದ ಬೇಕು?

ಟಿಕೆಟ್ ಅಥವಾ ಅದರ ಪುರಾವೆ, ರೈಲ್ವೆ ಪೊಲೀಸರಿಗೆ ಕೊಟ್ಟ ದೂರಿನ ಸೀಲು ಹಾಕಿದ ಪ್ರತಿ, ಸ್ಟೇಷನ್ ಮಾಸ್ಟರ್ ಮೆಮೊ, ಎಂಎಲ್‌ಸಿ ಮತ್ತು ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಸಾವಾಗಿದ್ದರೆ ಶವಪರೀಕ್ಷೆಯ ವರದಿ, ಪಂಚನಾಮೆ, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ.

ಇನ್ನೊಂದು ಮುಖ್ಯ ಕಾಗದ ನಿಮ್ಮ ಕೈಯಲ್ಲಿರುವುದಿಲ್ಲ. ಇಂಥ ಘಟನೆಗಳ ಬಗ್ಗೆ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ತನಿಖೆ ಮಾಡಿ ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕ) ವರದಿ ತಯಾರಾಗಬೇಕು ಎಂದು 2003ರ ನಿಯಮವಿದೆ. ರೈಲ್ವೆಯ ವಾದ ನಿಲ್ಲುವುದು ಆ ವರದಿಯ ಮೇಲೆ. ಅದರ ಪ್ರತಿ ಕೇಳಿ ಪಡೆದು, ಹೊತ್ತು, ಸ್ಥಳ, ಸಾಕ್ಷಿಗಳ ಹೇಳಿಕೆಯನ್ನು ನಿಮ್ಮ ಕಾಗದಗಳ ಜೊತೆ ಸಾಲು ಸಾಲಾಗಿ ಹೋಲಿಸಿ.

ವಕೀಲರು ಬೇಕೇ?

ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. 15100ಕ್ಕೆ ಕರೆ ಮಾಡಿ. ಆಸ್ಪತ್ರೆ ವಾರ್ಡಿಗೇ ಬಂದು "ಎಲ್ಲ ನಾವು ನೋಡಿಕೊಳ್ಳುತ್ತೇವೆ, ಅರ್ಧ ನಮಗೆ" ಎನ್ನುವವರಿಗೆ ಖಾಲಿ ಹಾಳೆಗೆ ಸಹಿ ಹಾಕಿಕೊಡಬೇಡಿ. ಪರಿಹಾರ ನೇರ ನಿಮ್ಮ ಖಾತೆಗೆ ಬರುತ್ತದೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಚೆಕ್‌ಬುಕ್ ಯಾರ ಕೈಗೂ ಹೋಗಬಾರದು.

ಟಿಕೆಟ್ ಬುಕ್ ಮಾಡುವಾಗ ಬರುವ 45 ಪೈಸೆಯ ವಿಮೆ ನಿಜವಾಗಿ ಸಿಗುತ್ತದೆಯೇ?

ಸಿಗುತ್ತದೆ, ತಪ್ಪದೆ ಹಾಕಿಸಿ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 7.5 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಐಆರ್‌ಸಿಟಿಸಿಯಲ್ಲಿ ತೆಗೆದ ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟಿಗೆ ಮಾತ್ರ, ಕೌಂಟರ್ ಟಿಕೆಟಿಗೆ ಇಲ್ಲ. ಬುಕ್ ಆದ ಮೇಲೆ ವಿಮಾ ಕಂಪನಿಯಿಂದ ಬರುವ ಲಿಂಕ್ ತೆರೆದು ನಾಮಿನಿ ಹೆಸರು ತುಂಬಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಮನೆಯವರು ಅಲೆಯುತ್ತಾರೆ. ವಿಮೆಯ ಹಣ ಬಂದಿತೆಂದು ನ್ಯಾಯಮಂಡಳಿಯ ಪರಿಹಾರ ಕಡಿಮೆಯಾಗುವುದಿಲ್ಲ, 128ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದೇ ಅಪಘಾತಕ್ಕೆ ಕಾರ್ಮಿಕ ಪರಿಹಾರ ಕಾನೂನು ಮತ್ತು ರೈಲ್ವೆ ಕಾಯ್ದೆ ಎರಡರಲ್ಲೂ ಪಡೆಯುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು.

ಅರ್ಜಿ ತಿರಸ್ಕಾರವಾಯಿತು. ಮುಂದೆ?

90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಆದೇಶದ ದೃಢೀಕೃತ ಪ್ರತಿಗೆ ಅದೇ ದಿನ ಅರ್ಜಿ ಹಾಕಿ. ಬಡ್ಡಿ ಕೊಡದೆ ಬರೀ ಅಸಲು ಕೊಟ್ಟಿದ್ದರೂ ಮೇಲ್ಮನವಿ ಹಾಕಲು ಅದು ಕಾರಣವಾಗುತ್ತದೆ: ಅಪಘಾತವಾದ ದಿನದ ಪರಿಹಾರದ ದರಕ್ಕೆ ಅಂದಿನಿಂದ ಬಡ್ಡಿ ಲೆಕ್ಕ ಹಾಕಬೇಕು, ಆ ಒಟ್ಟು ಮೊತ್ತ ತೀರ್ಪಿನ ದಿನದ ಪರಿಹಾರದ ದರಕ್ಕಿಂತ ಕಡಿಮೆ ಬಂದರೆ ತೀರ್ಪಿನ ದಿನದ ದರವನ್ನೇ ಕೊಡಬೇಕು ಎಂಬುದು ರೀನಾ ದೇವಿ ತೀರ್ಪಿನಲ್ಲಿದೆ. ಆದೇಶದಲ್ಲಿ ಈ ಲೆಕ್ಕ ಇದೆಯೇ ಎಂದು ಮೊದಲು ನೋಡಿ.